ಹಾರ್ಕರ್ ಹೆಚ್ಚೋ ಟೆಲ್ಫರ್ ಹೆಚ್ಚೋ

ನಾರಾಯಣಪೇಟೆ
೧೮ನೇ ಬಹಮನ್, ೧೩೪೭ ಫಸಲಿ, ಮಾರ್ಗಶಿರ ಮಾಸ

ಗದ್ವಾಲದ ಭಾವ ಆಶಪ್ಪನವರಿಗೆ ಶಿವಶಂಕರಪ್ಪನ ಶರಣಾರ್ಥಿಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದಿನ ಮಾತಿಗೆ ಹೋಗುವುದು ನನ್ನ ರೂಢಿ. ಈ ಸಲ ಹಾಗೆ ಬರೆಯಲು ಬರುವುದಿಲ್ಲ. ಅವ್ವನ ಕಣ್ಣು ಮಬ್ಬಾಗಿ ಎರಡು ತಿಂಗಳಾಯಿತು. ಮೊದಲು ದೀಪದ ಸುತ್ತ ಬಣ್ಣದ ಉಂಗುರ ಕಾಣುತ್ತದೆ ಎನ್ನುತ್ತಿದ್ದಳು. ಈಗ ಅಂಗಡಿಯ ಸೀರೆಯಲ್ಲಿ ಅಂಚು ಯಾವುದು, ಮೈ ಯಾವುದು ಎಂದು ಕೈಯಿಂದ ಮುಟ್ಟಿ ಹೇಳುತ್ತಾಳೆ. ಹಕೀಮರು ಬಂದು ನೋಡಿದರು. ಇದು ತೆಗೆಯಲು ಬರುವಂಥ ಮೋತಿಬಿಂದು ಪೊರೆ ಅಲ್ಲ, ಯುಗಾದಿಯ ಹೊತ್ತಿಗೆ ಪೂರಾ ಕತ್ತಲಾಗುತ್ತದೆ ಎಂದರು. ಅವ್ವ ಅಳಲಿಲ್ಲ. "ಸಂಗವ್ವನ ಕೂಸಿನ ಮಾರಿ ಒಮ್ಮೆ ನೋಡಬೇಕಪಾ. ಆಮ್ಯಾಲ ಕಣ್ಣು ಹೋದ್ರ ಹೋಗ್ಲಿ" ಎಂದಳು, ಅಷ್ಟೇ.

ನಡುವಿನ ಕೃಷ್ಣಾ ಹೊಳೆ ತುಂಬಿದ್ದರಿಂದ ನನ್ನ ತಂಗಿ ಸಂಗಮ್ಮನ ಬಾಣಂತನ ತವರಿನಲ್ಲಿ ಆಗಲಿಲ್ಲ. ಮೊಮ್ಮಗಳು ಶಂಕ್ರಮ್ಮನಿಗೆ ಐದು ತಿಂಗಳಾದರೂ ಅಜ್ಜಿ ಅವಳನ್ನು ಕಂಡಿಲ್ಲ. ಆದ್ದರಿಂದ ಪುಷ್ಯ ಮುಗಿಯುವುದರೊಳಗೆ ನಾನೇ ನನ್ನ ಹಾರ್ಕರ್ ಫಟಫಟಿಯ ಮೇಲೆ ಬಂದು, ಅದರ ಪಕ್ಕದ ತೊಟ್ಟಿಲಿನಲ್ಲಿ ತಾಯಿ ಮಗುವನ್ನು ಕೂರಿಸಿಕೊಂಡು ಬರುತ್ತೇನೆ.

ನೀವು ನಿಮ್ಮ ಟೆಲ್ಫರನ್ನು ಹೊರಗೆಳೆಯುವ ತೊಂದರೆ ತೆಗೆದುಕೊಳ್ಳಬೇಡಿ. ಅದಕ್ಕೂ ಎರಡು ಸಿಲಿಂಡರ್, ಇದಕ್ಕೂ ಎರಡು ಸಿಲಿಂಡರ್ ಎಂದು ನೀವು ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗುವುದು ನನ್ನ ಕಿವಿಗೂ ಬಿದ್ದಿದೆ. ನನ್ನದರಲ್ಲಿ ಅವು ಒಂದರ ಹಿಂದೊಂದು ನಿಂತಿವೆ, ಗಂಡಸರ ಹಾಗೆ. ನಿಮ್ಮದರಲ್ಲಿ ಆಚೆಗೊಂದು ಈಚೆಗೊಂದು ಚಾಚಿಕೊಂಡಿವೆ, ಆಡಿನ ಕಿವಿಯ ಹಾಗೆ. ನಮ್ಮ ಎರೆಭೂಮಿಯ ಬಂಡಿಜಾಡಿನಲ್ಲಿ ಆ ಕಿವಿಗಳು ಎಷ್ಟು ದಿನ ಉಳಿಯುತ್ತವೋ ನೋಡೋಣ. ನನ್ನದು ಸಿಕಂದರಾಬಾದಿನ ದಂಡಿನ ಹರಾಜಿನಲ್ಲಿ ನಾನೇ ಆರಿಸಿ ತಂದದ್ದು. ನಿಮ್ಮದು ಯಾವನೋ ಇಂಜಿನಿಯರ್ ದೊರೆ ಊರಿಗೆ ಹೊರಟಾಗ ಹೊತ್ತುಕೊಂಡು ಹೋಗಲು ಮನಸ್ಸಾಗದೆ ಬಿಟ್ಟುಹೋದದ್ದು. ಇಷ್ಟರಲ್ಲೇ ತಿಳಿದುಕೊಳ್ಳಿ.

ಶಿವಶಂಕರಪ್ಪ


ಗದ್ವಾಲ
೨ನೇ ಇಸ್ಫಂದಾರ್, ೧೩೪೭ ಫಸಲಿ, ಪುಷ್ಯ ಮಾಸ

ನಾರಾಯಣಪೇಟೆಯ ಭಾವ ಶಿವಶಂಕರಪ್ಪನವರಿಗೆ ಆಶಪ್ಪನ ಶರಣು.

ನನಗೆ ಶಾಲೆಯಲ್ಲಿ ಕಲಿಸಿದ್ದು ಉರ್ದು. ನಿಮಗೆ ಉರ್ದು ಓದಲು ಬಾರದು. ಆದ್ದರಿಂದ ಎಂದಿನ ಹಾಗೆ ನಾನು ಹೇಳುತ್ತೇನೆ, ಸಂಗಮ್ಮ ಕನ್ನಡದಲ್ಲಿ ಬರೆಯುತ್ತಾಳೆ. ಅಕ್ಷರ ಮೆತ್ತಗಿದ್ದರೆ ಮಾತೂ ಮೆತ್ತಗಿದೆ ಎಂದುಕೊಳ್ಳಬೇಡಿ.

ಅತ್ತೆಯವರ ವಿಷಯ ತಿಳಿದು ಬೇಸರವಾಯಿತು. ಸಂಗಮ್ಮನನ್ನು ಕಳಿಸಲು ನನ್ನ ಅಡ್ಡಿ ಇಲ್ಲ. ನಿಮ್ಮ ಹಾರ್ಕರ್ ಮೇಲೆ ಕಳಿಸಲು ಮಾತ್ರ ಇದೆ. ನನ್ನ ಹೆಂಡತಿ, ನನ್ನ ಮಗು. ಅವರನ್ನು ಆ ಎಮ್ಮೆಯ ಪಕ್ಕಕ್ಕೆ ಕಟ್ಟಿ ಕಳಿಸುವಷ್ಟು ನನಗೆ ಬುದ್ಧಿ ಕೆಟ್ಟಿಲ್ಲ.

ಒಂದರ ಹಿಂದೊಂದು ನಿಂತಿವೆ ಎಂದು ಹೆಮ್ಮೆಪಟ್ಟುಕೊಂಡಿದ್ದೀರಿ. ಬರುವ ಗಾಳಿಯನ್ನೆಲ್ಲ ಮುಂದಿನ ಸಿಲಿಂಡರ್ ತಿಂದರೆ ಹಿಂದಿನದು ಏನು ಮಾಡಬೇಕು? ಕೂತಲ್ಲೇ ಬೇಯುತ್ತದೆ. ಹತ್ತು ಮೈಲಿಗೊಮ್ಮೆ ನೀವು ಬೇವಿನ ಮರದ ಕೆಳಗೆ ನಿಲ್ಲುವುದು ನೆರಳಿನ ಆಸೆಗಲ್ಲ ಎಂದು ಮಕ್ತಲ್ ದಾರಿಯ ಕುರುಬರಿಗೆಲ್ಲ ಗೊತ್ತು. ಅವರು ನಿಮ್ಮ ಗಾಡಿಯ ಹೊಗೆ ನೋಡಿ, ಯಾರೋ ಹೊಲದಲ್ಲಿ ಕಸ ಸುಡುತ್ತಿದ್ದಾರೆ ಎಂದುಕೊಳ್ಳುತ್ತಾರಂತೆ. ಇನ್ನು ಅದರ ಒದೆತ. ಚಾಲು ಮಾಡಲು ನೀವು ಅದನ್ನು ಒದ್ದರೆ ಅದು ನಿಮ್ಮನ್ನು ತಿರುಗಿ ಒದೆಯುತ್ತದೆ. ಹೋದ ವರ್ಷ ತಿಂಗಳುಗಟ್ಟಲೆ ಕುಂಟಿದಿರಿ. ಮನೆಯ ಮೆಟ್ಟಿಲು ಜಾರಿತು ಎಂದು ನಮಗೆ ಹೇಳಿದಿರಿ. ಮೆಟ್ಟಿಲಿಗೆ ಬಾಯಿಲ್ಲ, ಪಾಪ.

ನನ್ನ ಟೆಲ್ಫರಿನ ಎರಡೂ ಸಿಲಿಂಡರಿಗೆ ಸಮನಾಗಿ ಗಾಳಿ. ನಿಮ್ಮದು ಕುಡಿಯುವ ಪೆಟ್ರೋಲಿನಲ್ಲಿ ಅರ್ಧ ಸಾಕು. ಟ್ಯಾಂಕಿನ ಮೇಲೆ ಹಾಲಿನ ಚರಿಗೆ ಇಟ್ಟುಕೊಂಡು ಹೋದರೂ ತುಳುಕುವುದಿಲ್ಲ. ಮಾಘದಲ್ಲಿ ನಾನೇ ಕರೆತಂದು ಬಿಡುತ್ತೇನೆ. ನೀವು ಅಂಗಡಿ ನೋಡಿಕೊಳ್ಳಿ.

ಆಶಪ್ಪ

ಅಣ್ಣ, ಮೇಲಿನ ಮಾತು ಅವರದು, ಅಕ್ಷರ ನನ್ನದು. ಇಲ್ಲಿಂದ ಕೆಳಗೆ ಎರಡೂ ನನ್ನದೇ. ಅವ್ವನಿಗೆ ಈಗ ಎಷ್ಟು ಕಾಣುತ್ತದೆ? ಸರಿಯಾಗಿ ಬರಿ. ಹೊಳೆಯ ಆಚೆ ದಂಡೆಗೆ ನೀನು ಒಂದು ಬಂಡಿ ಕಳಿಸು, ಸಾಕು. ಹರಗೋಲಿನಲ್ಲಿ ದಾಟಿ ನಾನು ಮಗುವನ್ನು ಎತ್ತಿಕೊಂಡು ಬರುತ್ತೇನೆ. ಯಾರ ಫಟಫಟಿಯೂ ಬೇಡ. ಸಂಗಮ್ಮ.


ನಾರಾಯಣಪೇಟೆ
೧೪ನೇ ಇಸ್ಫಂದಾರ್, ಪುಷ್ಯ ಮಾಸ

ಭಾವನವರಿಗೆ,

ನಿಮ್ಮ ಪತ್ರವನ್ನು ಅಂಗಡಿಯಲ್ಲಿ ನಾಲ್ಕು ಮಂದಿಯ ಮುಂದೆ ಓದಿದೆ. ಹಾಲಿನ ಚರಿಗೆಯ ಮಾತು ಬಂದಾಗ ಎಲ್ಲರೂ ನಕ್ಕರು. ನಿಲ್ಲಿಸಿಟ್ಟ ಗಾಡಿಯ ಮೇಲೆ ಇಟ್ಟರೆ ಯಾವ ಹಾಲೂ ತುಳುಕುವುದಿಲ್ಲ ಎಂದು ಅವರಲ್ಲೇ ಒಬ್ಬರು ಹೇಳಿದರು. ನಾನಲ್ಲ.

ಹಿಂದಿನ ಸಿಲಿಂಡರ್ ಕಾಯುತ್ತದೆ, ಒಪ್ಪಿದೆ. ದುಡಿಯುವುದು ಕಾಯುತ್ತದೆ. ನಿಮ್ಮ ಮೆಕ್ಯಾನಿಕ್ ಬಾಲಯ್ಯ ಇಂಜಿನ್ನಿಗೆ ಗಾಣದ ಔಡಲೆಣ್ಣೆ ಹೊಯ್ಯುತ್ತಾನಂತೆ, ಹೌದೇ? ಅದು ಮಗುವಿನ ಹೊಟ್ಟೆ ಕಟ್ಟಿದಾಗ ಹಾಕುವ ಎಣ್ಣೆ. ಬಿಸಿಯಾದಾಗ ನೀರಾಗಿ, ತಣ್ಣಗಾದಾಗ ಅಂಟಾಗಿ ಪಿಸ್ಟನ್ನಿನ ಉಂಗುರಗಳೆಲ್ಲ ಹಿಡಿದುಕೊಂಡಿರುತ್ತವೆ. ನಾಲ್ಕು ದಿನ ಓಡದಿದ್ದರೆ ನಿಮ್ಮ ಟೆಲ್ಫರನ್ನು ಒದೆಯುವುದೂ ಒಂದೇ, ಗೋಡೆಯನ್ನು ಒದೆಯುವುದೂ ಒಂದೇ. ಇಂಥ ಗಾಡಿಯ ಮೇಲೆ ನನ್ನ ತಂಗಿ ಕೂರಬೇಕು. ಕೂತು ಮಗುವನ್ನು ಎಲ್ಲಿಟ್ಟುಕೊಳ್ಳಬೇಕು? ಆ ಚರಿಗೆಯಲ್ಲೇ?

ಸಂಗಮ್ಮ ಬಂಡಿಯ ಮಾತು ಎತ್ತಿದ್ದಾಳೆ. ತಂಗೀ, ನಿನಗೆ ತಿಳಿಯುವುದಿಲ್ಲ. ಗಂಡನ ಮನೆಯಲ್ಲಿ ಒಂದು ಫಟಫಟಿ, ತವರಿನಲ್ಲಿ ಒಂದು ಫಟಫಟಿ ಇಟ್ಟುಕೊಂಡು ನೀನು ಎತ್ತಿನ ಬಂಡಿಯಲ್ಲಿ ಬಂದು ಇಳಿದರೆ ಈ ಊರಿನ ನೇಕಾರರು ಮಗ್ಗ ನಿಲ್ಲಿಸಿ ಬಂದು ನೋಡುತ್ತಾರೆ. ನಾನು ಆಮೇಲೆ ಬಜಾರಿನಲ್ಲಿ ತಲೆ ಎತ್ತಿ ನಡೆಯಬೇಕು.

ಭಾವನವರೇ, ಬಾಯಿಮಾತು ಬೇಡ. ಮಾಘ ಹುಣ್ಣಿಮೆಯ ಬೆಳಿಗ್ಗೆ ಮಕ್ತಲ್ ತಹಸೀಲ್ ಕಚೇರಿಯ ಮುಂದೆ ಇಬ್ಬರೂ ಬಂದು ನಿಲ್ಲೋಣ. ಅಲ್ಲಿನ ಗುಮಾಸ್ತ ಸಿದ್ದಪ್ಪ ನಮ್ಮಿಬ್ಬರಿಗೂ ಬೇಕಾದವನು, ಅವನೇ ನೋಡಲಿ. ಯಾರ ಗಾಡಿ ತನ್ನ ಚಕ್ರದ ಮೇಲೆ ಬಂದು, ತಣ್ಣಗಾದ ಮೇಲೆ ಒಂದೇ ಒದೆತಕ್ಕೆ ಏಳುತ್ತದೋ ಅವರು ಸಂಗಮ್ಮನನ್ನು ಕರೆತರುವುದು. ಸೋತವರು ಬಾಯಿ ಮುಚ್ಚಿಕೊಳ್ಳುವುದು.

ಅವ್ವ ಆರಾಮ ಇದ್ದಾಳೆ. ಮುಖದ ಎದುರು ಬೆರಳು ಹಿಡಿದರೆ ಎಣಿಸುತ್ತಾಳೆ.

ಶಿವಶಂಕರಪ್ಪ


ಗದ್ವಾಲ
೧ನೇ ಫರ್ವರ್ದಿ, ಮಾಘ ಮಾಸ

ಭಾವನವರಿಗೆ,

ಮಾಘ ಹುಣ್ಣಿಮೆ, ಮಕ್ತಲ್, ಒಪ್ಪಿದೆ. ನೀವು ಹಿಂದಿನ ದಿನವೇ ಹೊರಡಿ. ಬೇವಿನ ಮರಗಳು ಬಹಳ ಇವೆ, ಒಂದೊಂದರ ಕೆಳಗೂ ನಿಲ್ಲಬೇಕಲ್ಲ. ಔಡಲೆಣ್ಣೆಯ ವಿಷಯ ತಿಳಿಯದವರು ಮಾತಾಡಬಾರದು. ವಿಲಾಯತಿಯಲ್ಲಿ ಪಂದ್ಯದ ಗಾಡಿಗಳಿಗೆ ಅದನ್ನೇ ಹಾಕುತ್ತಾರೆಂದು ಆ ಇಂಜಿನಿಯರ್ ದೊರೆಯೇ ನನಗೆ ಹೇಳಿದ್ದಾನೆ. ನಿಮಗೆ ಯಾವ ದೊರೆ ಏನು ಹೇಳಿದ್ದಾನೆ? ಹರಾಜಿನವನು "ಬೇಗ ತಗೊಂಡು ಹೋಗಯ್ಯಾ" ಎಂದದ್ದು ಬಿಟ್ಟರೆ?

ನನ್ನ ಗಾಡಿ ಒಂದೇ ಒದೆತಕ್ಕೆ ಏಳುತ್ತದೆ. ದಿನಾ ಏಳುತ್ತದೆ.

ಆಶಪ್ಪ

ಅಣ್ಣ, ಒಂದೇ ಒದೆತಕ್ಕೆ ಏಳುತ್ತದೆ, ನಿಜ. ಅದಕ್ಕೂ ಮೊದಲು ನಾನು ಏಳುತ್ತೇನೆ. ಚಳಿಗೆ ಅದರ ನಡುವಿನ ಉದ್ದ ಕೊಳವೆಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಮೂರು ಸಲ ಸುತ್ತಬೇಕು. ಹಂಡೆ ಕಾಯಿಸುವುದು ನಾನು. ನನ್ನ ಬಾಣಂತನದಲ್ಲಿ ನನಗೂ ಇಷ್ಟು ಶಾಖ ಸಿಕ್ಕಿರಲಿಲ್ಲ. ಅವರಿಗೆ ಕನ್ನಡ ಓದಲು ಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಪಂದ್ಯಕ್ಕೆ ಇನ್ನೂ ಹನ್ನೆರಡು ದಿನ ಇದೆ. ಅಷ್ಟರಲ್ಲಿ ಬಂಡಿಯಲ್ಲಾದರೆ ನಾನು ಬಂದು, ಅವ್ವನ ಹತ್ತಿರ ಇದ್ದು, ತಿರುಗಿ ಹೊರಡುವ ಹೊತ್ತಾಗುತ್ತಿತ್ತು. ಅವ್ವ ಈಗಲೂ ಬೆರಳು ಎಣಿಸುತ್ತಾಳೇನು? ಸಂಗಮ್ಮ.


ನಾರಾಯಣಪೇಟೆ
೧೫ನೇ ಫರ್ವರ್ದಿ, ಮಾಘ ಮಾಸ

ಭಾವನವರಿಗೆ,

ನಾನು ಮಕ್ತಲಿಗೆ ಹೋಗಿದ್ದೆ. ನೀವು ಬರಲಿಲ್ಲ.

ಬಿಸಿಲು ಏರುವವರೆಗೆ ಕಾದೆ. ಸಿದ್ದಪ್ಪ ಮನೆಗೆ ಕರೆದು ಉಣ್ಣಿಸಿದ. ಸಂಜೆಯವರೆಗೂ ಕಾದೆ. ಕಚೇರಿಗೆ ಬಂದ ರೈತರೆಲ್ಲ ಹಾರ್ಕರ್ ಸುತ್ತ ನಿಂತು ನೋಡಿದರು. ಟೆಲ್ಫರ್ ಹೇಗಿದೆ ಎಂದು ಅವರಿಗೆ ತೋರಿಸಲು ಟೆಲ್ಫರ್ ಇರಲಿಲ್ಲ. ಗದ್ವಾಲದಿಂದ ಹೊರಟಿತ್ತೋ, ಹೊರಡಲು ಬಿಸಿನೀರು ಕಾಯುತ್ತಿತ್ತೋ ನನಗೆ ತಿಳಿಯದು.

ಮಾತು ಮಾತೇ. ಫಾಲ್ಗುಣದಲ್ಲಿ ಮಗ್ಗದವರ ಗಡಿಬಿಡಿ ಮುಗಿಯುತ್ತದೆ, ಹೋಳಿ ಹುಣ್ಣಿಮೆಯ ಹೊತ್ತಿಗೆ ಹೊಳೆಯನ್ನೂ ದಾಟಿ ನಿಮ್ಮ ಬಾಗಿಲಿಗೇ ಬರುತ್ತೇನೆ. ಆ ದಿನ ನಿಮ್ಮ ಆಡಿನ ಕಿವಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಬೇಡಿ.

ಅವ್ವ ಆರಾಮ. ಬಾಗಿಲಲ್ಲಿ ಯಾರಾದರೂ ನಿಂತರೆ ಅವಳಿಗೆ ತಿಳಿಯುತ್ತದೆ.

ಶಿವಶಂಕರಪ್ಪ


ಗದ್ವಾಲ
೨೮ನೇ ಫರ್ವರ್ದಿ, ಫಾಲ್ಗುಣ ಮಾಸ

ಭಾವನವರಿಗೆ,

ನೀವು ಮಕ್ತಲಿಗೆ ಹೋದದ್ದು ನಿಜ. ಹೇಗೆ ಹೋದಿರಿ ಎಂಬುದನ್ನು ಬರೆಯಲು ನಿಮಗೆ ಕಾಗದ ಸಾಲಲಿಲ್ಲವೇನೋ. ಸಿದ್ದಪ್ಪ ನನಗೆ ಉರ್ದುವಿನಲ್ಲಿ ಎರಡು ಪುಟ ಬರೆದಿದ್ದಾನೆ. ಹಾರ್ಕರ್ ಊರೊಳಗೆ ಬಂದದ್ದು ಎರಡು ಎತ್ತುಗಳ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಮುಂದೆ ಕುರುಬರ ತಾಯಪ್ಪ ಎತ್ತು ಹೊಡೆಯುತ್ತಿದ್ದ, ಹಿಂದೆ ನೀವು ಹ್ಯಾಂಡಲ್ ಹಿಡಿದು ಗಂಭೀರವಾಗಿ ಕೂತಿದ್ದಿರಿ. ಎರಡು ಸಿಲಿಂಡರ್ ಮತ್ತು ಎರಡು ಎತ್ತು, ಒಟ್ಟು ನಾಲ್ಕು. ಅಂಥ ಗಾಡಿ ವಿಲಾಯತಿಯಲ್ಲೂ ಸಿಗುವುದಿಲ್ಲ. ರೈತರು ಸುತ್ತ ನಿಂತು ನೋಡಿದ್ದು ಯಾಕೆಂದು ಈಗ ತಿಳಿಯಿತು.

ನಾನು ಬರಲಿಲ್ಲ, ಯಾಕೆಂದರೆ ನನಗೆ ಆ ದಿನ ಸಂಸ್ಥಾನದ ಕಡೆ ಕೆಲಸ ಬಂತು. ಗಾಡಿಗೆ ಏನೂ ಆಗಿರಲಿಲ್ಲ. ಎತ್ತಿನ ಜೊತೆ ಪಂದ್ಯ ಎಂದು ಮೊದಲೇ ಹೇಳಿದ್ದರೆ ನಾನು ಇನ್ನೂ ನಿರಾಳವಾಗಿ ಮನೆಯಲ್ಲೇ ಇರುತ್ತಿದ್ದೆ.

ಹೋಳಿಗೆ ಬರುತ್ತೀರಂತೆ. ಬನ್ನಿ. ಎತ್ತುಗಳಿಗೆ ಮೇವು ಹಾಕಿಸಿಟ್ಟಿರುತ್ತೇನೆ.

ಆಶಪ್ಪ

ಅಣ್ಣ, ಅವರು ಹೊರಟಿದ್ದರು. ಧರೂರು ದಾಟುವ ಮೊದಲೇ ಬಂಡಿಜಾಡಿನ ದಿಬ್ಬಕ್ಕೆ ಬಡಿದು ಟೆಲ್ಫರಿನ ಎಡಗಿವಿ ಒಡೆಯಿತು. ಗಾಡಿ ಹಿತ್ತಲಲ್ಲಿ ಗೋಣಿಚೀಲ ಹೊದ್ದು ನಿಂತಿದೆ. ನೀನು ನಗಲಿ ಎಂದು ಇದನ್ನು ಬರೆಯುತ್ತಿಲ್ಲ. ಇಬ್ಬರ ಹತ್ತಿರವೂ ಓಡುವ ಗಾಡಿ ಇಲ್ಲ ಎಂದು ನಿನಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಶಿವರಾತ್ರಿ ಮುಗಿಯಿತು, ಯುಗಾದಿಗೆ ಉಳಿದಿರುವುದು ಒಂದೇ ತಿಂಗಳು. ಶಂಕ್ರಮ್ಮ ಗೋಡೆ ಹಿಡಿದು ನಿಲ್ಲುತ್ತಾಳೆ. ಬಂಡಿ ಕಳಿಸು ಅಣ್ಣ. ನಿನ್ನ ಕಾಲಿಗೆ ಬೀಳುತ್ತೇನೆ. ಸಂಗಮ್ಮ.


ನಾರಾಯಣಪೇಟೆ
೧೨ನೇ ಅರ್ದಿಬೆಹಿಷ್ತ್, ಫಾಲ್ಗುಣ ಮಾಸ

ಆಶಪ್ಪನವರಿಗೆ,

ಭಾವ ಎಂದು ಬರೆಯಲು ಕೈ ಬರುತ್ತಿಲ್ಲ.

ನಿಮಗೆ ನನ್ನ ಮೇಲೆ ಇಷ್ಟು ಹಗೆ ಇದೆ ಎಂದು ಗೊತ್ತಿರಲಿಲ್ಲ. ಗಾಡಿಯ ಬಗ್ಗೆ ಎಷ್ಟು ಬೇಕಾದರೂ ಆಡಿಕೊಳ್ಳಿ. ಅಂಬಿಗರಿಗೆ ಹೇಳಿಕೊಟ್ಟು ಹೆಂಡತಿಯ ಅಣ್ಣನನ್ನು ಹೊಳೆಗೆ ಬೀಳಿಸುವುದೆಂದರೇನು?

ಹೋಳಿಯ ಹಿಂದಿನ ದಿನ ಹೊಳೆಯ ಈ ದಂಡೆಗೆ ಬಂದೆ. ಎತ್ತಿನ ಹಿಂದೆ ಅಲ್ಲ, ನನ್ನ ಚಕ್ರದ ಮೇಲೆ ಬಂದೆ. ಪಕ್ಕದ ತೊಟ್ಟಿಲನ್ನು ಬಿಚ್ಚಿ ದಂಡೆಯ ಮೇಲಿಟ್ಟೆ, ಅದನ್ನು ಎರಡನೇ ಸಲಕ್ಕೆ ದಾಟಿಸುವುದೆಂದು ಮಾತಾಯಿತು. ದೊಡ್ಡ ಹರಗೋಲು, ಜೋಡೆತ್ತು ನಿಲ್ಲುವಷ್ಟು. ಎರಡು ಹಲಗೆ ಹಾಕಿದರು. ಇಂಜಿನ್ ಚಾಲೂ ಇಟ್ಟುಕೊಂಡೇ ನಿಧಾನವಾಗಿ ಹಲಗೆ ಹತ್ತಿಸಿ, ಹರಗೋಲಿನ ನಡುವಿಗೆ ತಂದೆ. ಅಷ್ಟರಲ್ಲಿ ನಿಮ್ಮ ಅಂಬಿಗ ವೆಂಕಟಯ್ಯ ಎರಡೂ ಕೈ ಬೀಸಿ "ಚಾಲು! ಚಾಲು!" ಎಂದು ಕೂಗಿದ. ಗಾಡಿ ನಿಂತೀತು, ಜೋರು ಮಾಡು ಎನ್ನುತ್ತಿದ್ದಾನೆಂದು ಕೊಂಚ ಗ್ಯಾಸು ಕೊಟ್ಟೆ. ಉಳಿದ ಮೂವರೂ ಕೂಗಿದರು. ಇನ್ನೂ ಕೊಟ್ಟೆ. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರೂ "ಚಾಲು, ಚಾಲು" ಎಂದು ಕಿರುಚಿದರು. ಇಷ್ಟು ಮಂದಿ ಹೇಳುವಾಗ ನಾನೇನು ಮಾಡಬೇಕು?

ಹಾರ್ಕರ್ ಹರಗೋಲಿನ ಆಚೆ ಅಂಚು ಹಾರಿ ಹೊಳೆಗೆ ಇಳಿಯಿತು. ಜೊತೆಗೆ ನಾನೂ ಇಳಿದೆ. ಎದೆಮಟ್ಟ ನೀರು. ನನ್ನ ತಲೆಯ ಪಟಗ ಕೃಷ್ಣೆಯಲ್ಲಿ ಹೋಯಿತು. ನಿಮ್ಮ ಜನ ದಂಡೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೆ ಪಾಠ ಹೇಳಿಕೊಟ್ಟವರು ಯಾರೆಂದು ಕೇಳಬೇಕಾಗಿಲ್ಲ.

ಇನ್ನು ನಾನು ಆ ದಂಡೆಗೆ ಕಾಲಿಡುವುದಿಲ್ಲ. ಸಂಗಮ್ಮನನ್ನು ತರುವುದಿದ್ದರೆ ನೀವೇ ತನ್ನಿ, ತಂದು ನನ್ನ ಬಾಗಿಲಲ್ಲಿ ನಿಂತು, ಅಂಬಿಗರಿಗೆ ಹೇಳಿಕೊಟ್ಟದ್ದು ನಾನೇ ಎಂದು ಒಪ್ಪಿಕೊಳ್ಳಿ. ಬಂಡಿಯ ಮಾತು ಯಾರೂ ಎತ್ತಬೇಡಿ. ಈಗಾಗಲೇ ಊರು ನಗುತ್ತಿರುವುದು ಸಾಕಾಗಿದೆ.

ಅವ್ವ ಆರಾಮ.

ಶಿವಶಂಕರಪ್ಪ


ಗದ್ವಾಲ
೧೯ನೇ ಅರ್ದಿಬೆಹಿಷ್ತ್, ಫಾಲ್ಗುಣ ಮಾಸ

ಭಾವನವರಿಗೆ ಅನೇಕ ಶರಣುಗಳು.

ಇಷ್ಟು ಚೆನ್ನಾದ ಪತ್ರ ನೀವು ಈವರೆಗೆ ಬರೆದಿರಲಿಲ್ಲ. ಸಂಗಮ್ಮನಿಂದ ಎರಡು ಸಲ ಓದಿಸಿದೆ. ಮೂರನೇ ಸಲ ಬಾಲಯ್ಯನನ್ನು ಕರೆದು ಅವನಿಗೂ ಓದಿಸಿದೆ. ಅವನು ನಕ್ಕು ನಕ್ಕು ನೆಲಕ್ಕೆ ಕೂತುಬಿಟ್ಟ.

ಚಾಲು ಎಂದರೆ ತೆಲುಗಿನಲ್ಲಿ ಸಾಕು ಎಂದರ್ಥ, ಶಿವಶಂಕರಪ್ಪನವರೇ. ಸಾಕು. ನಿಲ್ಲಿಸು. ವೆಂಕಟಯ್ಯ ಸಾಕು ಎಂದ, ನೀವು ಮುಂದೆ ಹೋದಿರಿ. ನಾಲ್ಕು ಜನ ಸಾಕು ಎಂದರು, ಇನ್ನೂ ಮುಂದೆ ಹೋದಿರಿ. ಹೆಂಗಸರು ಸಾಕಪ್ಪಾ ಸಾಕು ಎಂದು ಕಿರುಚಿದರು, ನೀವು ಹೊಳೆಗೇ ಹೋದಿರಿ. ನಾನು ಇದನ್ನು ಹೇಳಿಕೊಡಬೇಕಿತ್ತೇನು? ಇಷ್ಟು ಬುದ್ಧಿ ನನಗೆ ಇದ್ದಿದ್ದರೆ ಎಂದೋ ದೀವಾನನಾಗಿರುತ್ತಿದ್ದೆ.

ನನಗೆ ಅರ್ಥವಾಗದ್ದು ಒಂದೇ. ನಿಮ್ಮ ಅಂಗಡಿಗೆ ದಿನಾ ತೆಲುಗು ಗಿರಾಕಿಗಳು ಬರುತ್ತಾರೆ. ಅವರು ಚಾಲು ಎಂದರೆ ನೀವು ಸುಮ್ಮನೆ ಸೀರೆ ಮಡಿಚಿ ಇಡುತ್ತೀರಿ. ಹಾರ್ಕರ್ ಮೇಲೆ ಕೂತ ಕೂಡಲೇ ತಿಳಿದ ಮಾತೂ ಮರೆತು, ಎಲ್ಲವೂ ಮೋಟರಿನ ಮಾತಾಗಿ ಕೇಳಿಸುತ್ತದೆ. ತಪ್ಪು ಗಾಡಿಯದೋ ಕೂತವರದೋ ನೀವೇ ನಿರ್ಧರಿಸಿ.

ಈಗ ನನ್ನ ಷರತ್ತು ಕೇಳಿ. "ಟೆಲ್ಫರೇ ಹೆಚ್ಚು, ನಾನು ತಿಳಿಯದೆ ಆಡಿದೆ" ಎಂದು ನಿಮ್ಮ ಕೈಯಿಂದ ಒಂದು ಸಾಲು ಬರೆದು ಕಳಿಸಿ. ಅದು ಕೈಗೆ ಬಂದ ದಿನವೇ ಸಂಗಮ್ಮನನ್ನೂ ಮಗುವನ್ನೂ ತಂದು ಬಿಡುತ್ತೇನೆ. ನನ್ನ ಗಾಡಿ ಸಿದ್ಧ ನಿಂತಿದೆ. ಆ ಸಾಲು ಬರುವವರೆಗೆ ಇಬ್ಬರೂ ಇಲ್ಲೇ ಇರುತ್ತಾರೆ. ತಡವಾದರೆ ಅದರ ಹೊಣೆ ನಿಮ್ಮದು.

ಆಶಪ್ಪ


ನಾರಾಯಣಪೇಟೆ
೨೮ನೇ ಅರ್ದಿಬೆಹಿಷ್ತ್, ಯುಗಾದಿಯ ಮರುದಿನ

ಗದ್ವಾಲದಲ್ಲಿರುವ ನಮ್ಮ ಮನೆಯವರಿಗೆ ಸಂಗಮ್ಮ ಬರೆಯುವುದು.

ಈ ಪತ್ರದ ಮಾತು ಯಾರೂ ಹೇಳಿ ಬರೆಸಿದ್ದಲ್ಲ. ನಿಮಗೆ ಕನ್ನಡ ಓದಲು ಬಾರದು, ಯಾರಿಂದಾದರೂ ಓದಿಸಿಕೊಳ್ಳಿ. ಬಾಲಯ್ಯನನ್ನು ಕರೆದು ಅವನ ಮುಂದೆ ಬೇಕಾದರೂ ಓದಿಸಿ. ನನಗೆ ಮುಚ್ಚಿಡುವುದು ಏನೂ ಉಳಿದಿಲ್ಲ.

ನಾನೂ ಮಗುವೂ ಸುಖವಾಗಿ ಮುಟ್ಟಿದ್ದೇವೆ ಎಂದು ಕುರುಬರ ತಾಯಪ್ಪನ ಕೈಯಲ್ಲಿ ಆಗಲೇ ಹೇಳಿ ಕಳಿಸಿದ್ದೆ. ಟಪ್ಪಾಲಿಗೆ ಹಾಕಿ ಬಾ ಎಂದು ನೀವು ಕೊಟ್ಟ ಆ ಷರತ್ತಿನ ಪತ್ರವನ್ನು ನಾನು ಟಪ್ಪಾಲಿಗೆ ಹಾಕಲಿಲ್ಲ. ಅದನ್ನು ಉಡಿಯಲ್ಲಿ ಇಟ್ಟುಕೊಂಡು, ಮಗುವನ್ನು ಕಟ್ಟಿಕೊಂಡು ಹೊಳೆಯ ಕಡೆ ನಡೆದೆ. ಧರೂರಿನವರೆಗೆ ಕಡಲೆ ಹೊರೆಯ ಬಂಡಿ ಸಿಕ್ಕಿತು. ವೆಂಕಟಯ್ಯ ಹೊಳೆ ದಾಟಿಸಿದ. ಈ ದಂಡೆಯಲ್ಲಿ ತಾಯಪ್ಪನೂ ಅವನ ಹೆಂಡತಿ ಪೆಂಟಮ್ಮನೂ ಮೈಲಾರನ ಹರಕೆ ತೀರಿಸಿ ಮನೆಗೆ ಹೊರಟಿದ್ದರು. ನಾನು ಇಂಥವರ ಮಗಳು ಎಂದ ಕೂಡಲೇ ತಾಯಪ್ಪ "ನಿಮ್ಮಣ್ಣಾರ ಗಾಡಿ ಎಳದ ಎತ್ತು ಇವೇ ನೋಡ್ರೆವ್ವಾ, ಹತ್ರಿ" ಅಂದ. ಮಕ್ತಲ್ ದಾಟಿ ನಾರಾಯಣಪೇಟೆಯ ತನಕ ತಂದು ಬಿಟ್ಟ. ಪೆಂಟಮ್ಮ ದಾರಿಯುದ್ದಕ್ಕೂ ಮಗುವನ್ನು ಎತ್ತಿಕೊಂಡಿದ್ದಳು.

ಪತ್ರವನ್ನು ನಾನೇ ಅಣ್ಣನ ಕೈಯಲ್ಲಿ ಕೊಟ್ಟೆ. ಅವನು ಅಂಗಳದಲ್ಲಿ ಹಾರ್ಕರ್ ಬಿಚ್ಚಿ ಹರಡಿಕೊಂಡು ಅದರೊಳಗಿನ ಹೊಳೆಮರಳು ತೊಳೆಯುತ್ತಿದ್ದ. ನನ್ನನ್ನು ನೋಡಿ ಮೊದಲು ಕೇಳಿದ್ದು, "ಯಾರ ಗಾಡ್ಯಾಗ ಬಂದಿ?"

ಯುಗಾದಿಗೆ ಇನ್ನೂ ಐದು ದಿನ ಇತ್ತು. ಗೆದ್ದೆ ಎಂದುಕೊಂಡು ಒಳಗೆ ಹೋದೆ.

ಅವ್ವನಿಗೆ ಕಣ್ಣು ಹೋಗಿ ತಿಂಗಳಾಗಿತ್ತು. ಶಿವರಾತ್ರಿಯ ಮರುದಿನ ಬೆಳಿಗ್ಗೆ ಎದ್ದು, ಇನ್ನೂ ಬೆಳಕಾಗಿಲ್ಲವೇನು ಎಂದು ಕೇಳಿದಳಂತೆ, ಆಗ ಬಿಸಿಲು ಅಂಗಳಕ್ಕೆ ಬಂದಿತ್ತಂತೆ. ಅದಾದ ಮೇಲೂ ಅಣ್ಣ ನಮಗೆ "ಅವ್ವ ಆರಾಮ" ಎಂದು ಬರೆದ. ಯಾಕೆ ಹಾಗೆ ಬರೆದೆ ಎಂದು ಕೇಳಿದೆ. "ಕಣ್ಣು ಹೋತು ಅಂತ ಬರದ್ರ, ಹಾರ್ಕರ್ ನಂಬಿ ಕುಂತಿದ್ದಕ್ಕ ಹೋತು ಅಂತ ನಿನ್ನ ಗಂಡ ಅಂತಿದ್ದ" ಅಂದ. ನೀವು ಹಾಗೇ ಅನ್ನುತ್ತಿದ್ದಿರಿ ಎಂದು ನನಗೂ ಗೊತ್ತು.

ನಿಮ್ಮಿಬ್ಬರನ್ನೂ ನೋಡಿದರೆ ನನಗೆ ಈಗ ಸಿಟ್ಟಿಗಿಂತ ಹೇಸಿಗೆ ಹೆಚ್ಚು. ಒಂದು ಗಾಡಿ ಹೊಳೆ ಕುಡಿದು ಬಿದ್ದಿದೆ, ಇನ್ನೊಂದು ಕಿವಿಯಿಲ್ಲದೆ ಹಿತ್ತಲಲ್ಲಿ ನಿಂತಿದೆ. ಅದನ್ನು "ಸಿದ್ಧ ನಿಂತಿದೆ" ಎಂದು ನನ್ನ ಕೈಯಿಂದಲೇ ಬರೆಸಿದಿರಿ. ನಾನೂ ಬರೆದೆ. ನನ್ನ ಮೇಲೂ ನನಗೆ ಹೇಸಿಗೆ ಇದೆ. ಮೂರು ತಿಂಗಳು ನಿಮ್ಮ ಹಲ್ಲುಕಿರಿತವನ್ನೆಲ್ಲ ಒತ್ತು ದೀರ್ಘ ತಪ್ಪದೆ ದುಂಡಗೆ ಬರೆದು, ಕೆಳಗೆ ಎರಡು ಸಾಲು ಬೇಡಿಕೊಂಡು ಕೂತೆ. ಮೊದಲನೇ ಸಲ ಬಂಡಿ ಎಂದು ಬರೆದ ದಿನವೇ ಎದ್ದು ಬರಬೇಕಿತ್ತು. ಆ ದಿನ ಅವ್ವನಿಗೆ ಬೆರಳು ಎಣಿಸುವಷ್ಟು ಕಣ್ಣಿತ್ತು.

ನಾನು ಸದ್ಯಕ್ಕೆ ತಿರುಗಿ ಬರುವುದಿಲ್ಲ. ಕರೆಯಲು ನೀವು ಬರಬೇಡಿ, ಯಾವ ಗಾಡಿಯ ಮೇಲೂ ಬರಬೇಡಿ. ಬರಬೇಕು ಎನಿಸಿದ ದಿನ ಹೇಗೆ ಬರುವುದೆಂದು ನನಗೆ ತಿಳಿದಿದೆ.

ಅವ್ವ ನನ್ನನ್ನು ಬೈಯಲಿಲ್ಲ, ಅಣ್ಣನನ್ನೂ ಬೈಯಲಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಣೆ, ಮೂಗು, ಗದ್ದ ಎಲ್ಲ ಬೆರಳಿಂದ ಮುಟ್ಟಿ ಮುಟ್ಟಿ ನೋಡಿದಳು. "ಬಣ್ಣ ಹೆಂಗೈತಿ?" ಅಂತ ಕೇಳಿದಳು. ಹೇಳಿದೆ. "ಕಣ್ಣು ಯಾರಂಗ?" ಅಂದಳು. ನಿನ್ನ ಹಾಗೆ ಎಂದು ಹೇಳಲು ಬಾಯಿ ಬರಲಿಲ್ಲ, ನನ್ನ ಹಾಗೆ ಅಂದೆ. ಅಣ್ಣ ಕೈಯಲ್ಲಿ ಎಣ್ಣೆಬಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

ಆಮೇಲೆ ಅವ್ವ, "ಹೆಂಗ ಬಂದೆವ್ವಾ? ಹಳ್ಳದಾಗ ದಾರಿ ಕಿತ್ತು ಹೋಗೈತಿ, ಬಂಡಿ ನಡ್ಯಾಂಗಿಲ್ಲ, ಮೋಟರ್ ಒಂದ ಬರಾಕ ಸಾಧ್ಯ ಅಂತಿದ್ದ ನಿಮ್ಮಣ್ಣ" ಅಂದಳು.

"ದಾರಿ ಸರಿ ಐತವ್ವಾ. ಬಂಡ್ಯಾಗ ಬಂದೆ" ಅಂದೆ.

"ಎಷ್ಟ ದಿನಾ ಹಿಡೀತು?"

"ಮೂರ ದಿನಾ."

ಮಗುವಿನ ಮುಖದ ಮೇಲಿದ್ದ ಕೈ ಹಾಗೇ ನಿಂತಿತು. "ಬರೇ ಮೂರ ದಿನಾನ?" ಅಂದಳು.

ಸಂಗಮ್ಮ